ಕೋರ್ಟಿನ ತಾರೀಕು ತಪ್ಪಿತಾ? ಚಲನ್, ಸಮನ್ಸ್, ವಾರಂಟ್: ಯಾವ ಕಾಗದಕ್ಕೆ ಯಾವ ದಾರಿ

ಪುಣೆಯ ಶಿವಾಜಿನಗರ ಕೋರ್ಟಿನ ಗೇಟಿನಲ್ಲಿ ನಿಂತರೆ ದಿನಕ್ಕೆ ಒಬ್ಬರಾದರೂ ನಮ್ಮ ಭಾಷೆಯವರು ಸಿಗುತ್ತಾರೆ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ, ಅದರ ತುಂಬ ಮರಾಠಿ ಅಕ್ಷರ, ಮುಖದಲ್ಲಿ ಗಾಬರಿ. "ಅಣ್ಣಾರ, ಇದರಾಗ ಏನ್ ಬರದಾರ ನೋಡ್ರಿ" ಅನ್ನುತ್ತಾರೆ. ಬಿಡಿಸಿ ನೋಡಿದರೆ ತಾರೀಕು ಕಳೆದು ಎರಡು ತಿಂಗಳಾಗಿರುತ್ತದೆ.

ನಾನು ವಕೀಲನಲ್ಲ, ಇಲ್ಲೇ ಒಬ್ಬ ವಕೀಲರ ಬಳಿ ಗುಮಾಸ್ತ. ಬೋರ್ಡ್ ನೋಡಿ ತಾರೀಕು ಬರೆದುಕೊಳ್ಳುವುದು, ಅರ್ಜಿ ಟೈಪ್ ಮಾಡಿಸುವುದು, ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಹೋಗಿರುವ ಕಕ್ಷಿದಾರನನ್ನು ಹುಡುಕಿ ತರುವುದು ನನ್ನ ಕೆಲಸ. ಇಲ್ಲಿ ಕೂತು ನಾನು ಕಂಡದ್ದು ಒಂದೇ. ಜನ ಕಾಗದದ ಮೇಲಿನ ರೂಪಾಯಿ ನೋಡುತ್ತಾರೆ, ತಾರೀಕು ನೋಡುವುದಿಲ್ಲ. "500 ರೂಪಾಯಿ ತಾನೇ, ಆಮೇಲೆ ಕಟ್ಟಿದರಾಯಿತು" ಅಂತ ಎತ್ತಿಡುತ್ತಾರೆ. ಆ 500 ಇದ್ದಲ್ಲೇ ಇರುತ್ತದೆ. ತಪ್ಪಿದ ತಾರೀಕು ಮಾತ್ರ ಸುಮ್ನೆ ಕೂರುವುದಿಲ್ಲ. ಅದು ನಡೆಯುತ್ತಾ ನಿಮ್ಮ ಊರಿನ ಠಾಣೆಯವರೆಗೂ ಹೋಗಿಬಿಡುತ್ತದೆ.

ದಾರಿಗಳು ಹಲವು ಇವೆ. ಈಗಲೇ ಕಟ್ಟಬಹುದು, ಲೋಕ ಅದಾಲತ್ತಿಗೆ ಕಾಯಬಹುದು, ಆನ್‌ಲೈನ್ ಕೋರ್ಟಿನಲ್ಲಿ ಮುಗಿಸಬಹುದು, ತಾವೇ ಹೋಗಬಹುದು, ವಕೀಲರನ್ನು ಕಳಿಸಬಹುದು. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ಕೈಯಲ್ಲಿರುವ ಕಾಗದ ಯಾವುದು ಅನ್ನುವುದರ ಮೇಲೆ ದಾರಿ ನಿಂತಿದೆ.

ಮೊದಲು ಕಾಗದ ಗುರುತು ಹಿಡಿಯಿರಿ

ಇ-ಚಲನ್ ಪೊಲೀಸರ ಕಡೆಯದು. ಹೀಗೆ ತಪ್ಪಾಗಿದೆ, ಇಷ್ಟು ಕಟ್ಟಿದರೆ ಇಲ್ಲಿಗೇ ಮುಗಿಸುತ್ತೇವೆ ಅಂತ ಅದು ಹೇಳುತ್ತದೆ. ಅದರಲ್ಲಿ ನ್ಯಾಯಾಧೀಶರ ಸಹಿ ಇರುವುದಿಲ್ಲ. ಲೋಕ ಅದಾಲತ್ತಿನ ನೋಟಿಸು ಒಂದು ಕರೆ ಅಷ್ಟೇ, ಬಂದು ರಾಜಿಯಲ್ಲಿ ಮುಗಿಸಿಕೊಳ್ಳಿ ಅಂತ. ಅಲ್ಲಿಗೆ ಹೋಗದಿದ್ದರೆ ಅದೇ ಕಾರಣಕ್ಕೆ ಯಾರೂ ವಾರಂಟ್ ಹೊರಡಿಸುವುದಿಲ್ಲ. ಆದರೆ ಚಲನ್ ಮುಂದೆ ಕೋರ್ಟಿಗೆ ಹೋಗುವ ದಾರಿ ತೆರೆದೇ ಇರುತ್ತದೆ.

ಠಾಣೆಗೆ ಬನ್ನಿ ಅಂತ ಪೊಲೀಸರು ಕೊಡುವ ನೋಟಿಸು ಬೇರೆ ಜಾತಿಯದು. ಮೊದಲು ಇದನ್ನು 41ಎ ನೋಟಿಸು ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಇದು 35ನೇ ಕಲಮು. ಬಂಧಿಸುವ ಅಗತ್ಯ ಇಲ್ಲ ಅನ್ನಿಸಿದಾಗ ಇದನ್ನು ಕೊಡುತ್ತಾರೆ. ಹೋಗದಿದ್ದರೆ ಬಂಧಿಸಲು ಅದೇ ಕಾರಣವಾಗಬಹುದು. ಇದನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಈ ಸುದ್ದಿ ಓದಿದ ಕೆಲವರು "ವಾಟ್ಸ್ಯಾಪಿನಲ್ಲಿ ಬಂದ ಸಮನ್ಸೂ ನಡೆಯುವುದಿಲ್ಲ" ಅಂತ ತಿಳಿದು ಕೂತಿದ್ದಾರೆ. ಅದು ತಪ್ಪು. ಆ ಮಾತು ಪೊಲೀಸರ ನೋಟಿಸಿಗೆ. ಕೋರ್ಟಿನ ಸಮನ್ಸನ್ನು ಕೋರ್ಟಿನ ಮೊಹರಿನ ಚಿತ್ರದ ಜೊತೆ ವಿದ್ಯುನ್ಮಾನ ರೀತಿಯಲ್ಲಿ ತಲುಪಿಸಲು ಹೊಸ ಸಂಹಿತೆಯೇ ಅವಕಾಶ ಕೊಟ್ಟಿದೆ.

ಸಮನ್ಸ್ ಅಂದರೆ ನ್ಯಾಯಾಲಯ ನಿಮ್ಮನ್ನು ಹೆಸರು ಹಿಡಿದು ಕರೆಯುವುದು. ಅದರಲ್ಲಿ ಕೋರ್ಟಿನ ಹೆಸರು, ಕೇಸಿನ ನಂಬರು, ತಾರೀಕು, ಹೊತ್ತು ಇರುತ್ತವೆ. ಇಲ್ಲಿಂದ ಮುಂದೆ ಆಟ ಬೇರೆ.

ವಾರಂಟ್ ಅಂತ ಬಂದರೆ ಒಂದು ಅಕ್ಷರ ಗಮನವಿಟ್ಟು ನೋಡಿ. ಮರಾಠಿಯಲ್ಲಿ 'ಜಾಮೀನಪಾತ್ರ' ಅಂದರೆ ಜಾಮೀನು ಸಿಗುವ ವಾರಂಟ್. 'ಅಜಾಮೀನಪಾತ್ರ' ಅಂದರೆ ಜಾಮೀನು ರಹಿತ. ಆ ಒಂದು 'ಅ' ಇದೆಯೋ ಇಲ್ಲವೋ ಅನ್ನುವುದರ ಮೇಲೆ ಅವತ್ತು ರಾತ್ರಿ ನೀವು ಎಲ್ಲಿ ಮಲಗುತ್ತೀರಿ ಅನ್ನುವುದು ನಿಂತಿದೆ. ಹಾಗೇ ಇನ್ನೊಂದು ಪದ. ಇಲ್ಲಿಯ ಗುಮಾಸ್ತರು "ಪಾವತಿ ಕುಠೇ ಆಹೆ?" ಅಂದರೆ ರಸೀದಿ ಎಲ್ಲಿದೆ ಅಂತ ಅರ್ಥ. ಬಿಜಾಪುರದ ಕಡೆಯವರಿಗೆ ಇದು ಹೊಸದಲ್ಲ. ಮಂಗಳೂರು, ಮೈಸೂರು ಕಡೆಯವರು ಮತ್ತೆ ದುಡ್ಡು ಕೇಳುತ್ತಿದ್ದಾರೆ ಅಂತ ಪರ್ಸ್ ತೆಗೆಯುವುದನ್ನು ನಾನೇ ಕಂಡಿದ್ದೇನೆ.

ಹಾಂ, ಎಪಿಕೆ ಫೈಲಿನ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲು) ಜೊತೆ ಬರುವ "ನಿಮ್ಮ ಚಲನ್ ಬಾಕಿ ಇದೆ" ಅನ್ನುವ ಮೆಸೇಜ್ ಈ ಯಾವುದರ ಸಾಲಿಗೂ ಸೇರುವುದಿಲ್ಲ. ಅದು ಮೋಸ, ಒತ್ತಬೇಡಿ.

ಇ-ಚಲನ್ ಇದ್ದಾಗ: ಈಗ ಕಟ್ಟುವುದಾ, ಕಾಯುವುದಾ?

ತಪ್ಪು ನಿಮ್ಮದೇ ಆಗಿದ್ದರೆ ಕಟ್ಟಿಬಿಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಮಹಾರಾಷ್ಟ್ರದ್ದಾದರೆ ಮಹಾಟ್ರಾಫಿಕ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿದರೆ ಚಲನ್ ಬರುತ್ತದೆ, ಫೋಟೋ ಸಮೇತ. ಹೀಗೆ ಪೊಲೀಸರ ಹಂತದಲ್ಲೇ ಕಟ್ಟುವುದಕ್ಕೆ ಕಾಂಪೌಂಡಿಂಗ್ ಅನ್ನುತ್ತಾರೆ. ಅದರಲ್ಲಿ ನೀವು ಅಪರಾಧಿ ಅಂತ ಯಾವ ಕೋರ್ಟೂ ತೀರ್ಪು ಬರೆಯುವುದಿಲ್ಲ. ಅದೇ ತಪ್ಪನ್ನು ಕೋರ್ಟಿಗೆ ಹೋಗಿ ಒಪ್ಪಿಕೊಂಡು ಅಷ್ಟೇ ದುಡ್ಡು ಕಟ್ಟಿದರೆ ಅದು ಶಿಕ್ಷೆ ಅಂತ ದಾಖಲಾಗುತ್ತದೆ. ಮುಂದೆ ಕೆಲಸದ ಅರ್ಜಿಯಲ್ಲಿ "ಯಾವುದಾದರೂ ಕೋರ್ಟಿನಲ್ಲಿ ಶಿಕ್ಷೆಯಾಗಿದೆಯೇ" ಅನ್ನುವ ಸಾಲು ಬಂದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಮಾತು ನೆನಪಿರಲಿ. 2019ರ ತಿದ್ದುಪಡಿಯ ನಂತರ, ಕಾಂಪೌಂಡ್ ಮಾಡಿದರೂ ಅದೇ ತಪ್ಪು ಮತ್ತೆ ಆದಾಗ ಅದನ್ನು ಎರಡನೇ ಸಲ ಅಂತಲೇ ಲೆಕ್ಕ ಹಾಕುತ್ತಾರೆ.

ತಪ್ಪು ನಿಮ್ಮದಲ್ಲದಿದ್ದರೆ? ಗಾಡಿ ಮಾರಿ ವರ್ಷವಾಗಿದೆ, ಹೆಸರು ಬದಲಾಗಿಲ್ಲ. ಅಥವಾ ಫೋಟೋದಲ್ಲಿರುವುದು ಬೇರೆಯವರ ಬೈಕು. ಆಗ ಕಟ್ಟುವ ಮುಂಚೆ ಅದೇ ಆ್ಯಪಿನಲ್ಲಿ ತಕರಾರು ಹಾಕಿ. ಕಟ್ಟಿದ ಮೇಲೆ ತಕರಾರಿಗೆ ಬೆಲೆ ಇಲ್ಲ. ಗಾಡಿ ನಿಮ್ಮ ಹೆಸರಿನದು, ಓಡಿಸಿದ್ದು ತಮ್ಮ ಅಂತಾದರೆ ಯಾರು ಓಡಿಸಿದ್ದು ಅಂತ ಕೇಳಿದಾಗ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 133ನೇ ಕಲಮು ಮಾಲೀಕನ ಮೇಲೆ ಆ ಹೊಣೆ ಹಾಕಿದೆ.

ಲೋಕ ಅದಾಲತ್ತಿಗೆ ಕಾಯುವವರು ಜಾಸ್ತಿ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ, ಆಮೇಲೆ 2025ರ ಆಗಸ್ಟಿನಲ್ಲಿ ಅರ್ಧ ದಂಡದ ರಿಯಾಯಿತಿ ಬಂತಲ್ವಾ, ಊರಿನ ಗೆಳೆಯರು ಅದನ್ನು ಹೇಳಿ ಇಲ್ಲಿಯವರ ತಲೆ ಕೆಡಿಸಿದ್ದಾರೆ. ಅದು ಕರ್ನಾಟಕ ಸರ್ಕಾರದ ಆದೇಶ. ಪುಣೆಯ ಚಲನ್ನಿಗೆ, ಪಣಜಿಯ ಚಲನ್ನಿಗೆ ಅದು ತಾಗುವುದಿಲ್ಲ. ನಿಮ್ಮ ಗಾಡಿಯ ನಂಬರು ಕೆಎ ಆಗಿದ್ದರೂ ತಪ್ಪು ನಡೆದ ರಾಜ್ಯದ್ದೇ ಲೆಕ್ಕ. ಲೋಕ ಅದಾಲತ್ತು ಒಳ್ಳೆಯದೇ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ, ಅಲ್ಲಿಗೆ ಮುಗಿಯಿತು. ಹತ್ತಾರು ಚಲನ್ ಒಟ್ಟಿಗೆ ಬಾಕಿ ಇರುವ ಟೆಂಪೋದವರಿಗೆ, ಟ್ಯಾಕ್ಸಿಯವರಿಗೆ ಅದು ಸರಿ. ಒಂದೇ ಒಂದು ಹೆಲ್ಮೆಟ್ ಚಲನ್ನಿಗಾಗಿ ಮೂರು ತಿಂಗಳು ಕಾದು, ರಜೆ ಹಾಕಿ, ಸಾಲಿನಲ್ಲಿ ನಿಲ್ಲುವುದು ನನಗೆ ಲಾಭವಾಗಿ ಕಾಣುವುದಿಲ್ಲ.

ಎಲ್ಲ ತಪ್ಪಿಗೂ ಹೀಗೆ ಕಟ್ಟಿ ಮುಗಿಸುವ ಅವಕಾಶ ಇಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕುಡಿದು ಓಡಿಸಿದ್ದು ಕೋರ್ಟಿಗೇ ಹೋಗಬೇಕು. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ 185ನೇ ಕಲಮು ಬೀಳುತ್ತದೆ. ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೇ ಸಲ 2 ವರ್ಷ, 15,000. ಅಪಾಯಕಾರಿ ಚಾಲನೆಯ 184ನೇ ಕಲಮಿನಲ್ಲೂ ಅಷ್ಟೇ, ಮೊಬೈಲ್ ಹಿಡಿದು ಓಡಿಸಿದ್ದನ್ನು ಬಿಟ್ಟರೆ ಉಳಿದದ್ದಕ್ಕೆ ಕಾಂಪೌಂಡಿಂಗ್ ಇಲ್ಲ. ರಾಂಗ್ ಸೈಡಿನಲ್ಲಿ ಬಂದದ್ದಕ್ಕೆ 184 ಹಾಕಿದರೆ ಆ್ಯಪಿನಲ್ಲಿ ಎಷ್ಟು ಹುಡುಕಿದರೂ ಕಟ್ಟುವ ಬಟನ್ ಸಿಗುವುದಿಲ್ಲ. ಹದಿನೆಂಟು ತುಂಬದ ಮಗನ ಕೈಗೆ ಸ್ಕೂಟಿ ಕೊಟ್ಟ ಅಪ್ಪಂದಿರ ಕೇಸಂತೂ ಇನ್ನೂ ದೊಡ್ಡದು. ಅಲ್ಲಿ ಅಪ್ಪನಿಗೇ 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಇಂಥವಕ್ಕೆ ಮೊದಲ ದಿನವೇ ವಕೀಲರು ಬೇಕು.

ಸಮನ್ಸ್ ಬಂದಾಗ: ತಾವೇ ಹೋಗುವುದಾ, ವಕೀಲರನ್ನು ಕಳಿಸುವುದಾ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ನನಗೆ ಗೊತ್ತಿರುವ ಒಬ್ಬ ಹುಡುಗ ಇಂಡಿ ತಾಲೂಕಿನವನು. ಚಿಂಚವಾಡದಲ್ಲಿ ಬೇಕರಿ ಕೆಲಸ. ಬೈಕು ಊರಿನದು, ಕೆಎ 28 ನಂಬರು. ಆರ್‌ಸಿಯಲ್ಲಿ ಊರಿನ ವಿಳಾಸ, ಬಿಸಾಡಿದ ಹಳೇ ಸಿಮ್ಮಿನ ಮೊಬೈಲ್ ನಂಬರು. ರಾಂಗ್ ಸೈಡಿನ ಕೇಸು. ಇವನಿಗೆ ಮೆಸೇಜು ಬರಲಿಲ್ಲ. ಸಮನ್ಸ್ ನೇರ ಊರಿಗೆ ಹೋಯಿತು. ಮನೆಯಲ್ಲಿ ತಾಯಿ ಒಬ್ಬರೇ. ಅವರು ಸಹಿ ಮಾಡಿ ತೆಗೆದುಕೊಂಡು, ಮಗ ದೂರದಲ್ಲಿದ್ದಾನೆ, ಸುಮ್ನೆ ಚಿಂತೆ ಮಾಡಿಕೊಳ್ಳುತ್ತಾನೆ ಅಂತ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟರು.

ಹಳೆಯ ಕಾನೂನಿನಲ್ಲಿ ಮನೆಯ ವಯಸ್ಕ ಗಂಡಸಿನ ಕೈಗೆ ಕೊಟ್ಟರೆ ಮಾತ್ರ ಸಮನ್ಸ್ ತಲುಪಿದ ಹಾಗೆ. 2024ರ ಜುಲೈನಿಂದ 'ಗಂಡಸು' ಅನ್ನುವ ಪದ ಹೋಗಿದೆ. ಮನೆಯ ಯಾವ ವಯಸ್ಕರ ಕೈಗೆ ಕೊಟ್ಟರೂ ನಡೆಯುತ್ತದೆ. ಹೆಂಗಸಿನ ಸಹಿಗೂ ಬೆಲೆ ಬಂದದ್ದು ಒಳ್ಳೆಯದೇ, ಆದರೆ ಆ ತಾಯಿಯ ಸಹಿಯ ಜೊತೆಗೆ "ನನಗೆ ಗೊತ್ತೇ ಇರಲಿಲ್ಲ" ಅನ್ನುವ ಮಗನ ಮಾತು ಅರ್ಧ ಬಿದ್ದುಹೋಯಿತು. ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಿಯೂ ಹೋಗಬಹುದು. ಹಾಗಾಗಿ ಪುಣೆ, ಮುಂಬೈ, ಗೋವಾದಲ್ಲಿ ದುಡಿಯುವವರು ಎರಡು ಕೆಲಸ ಮಾಡಿಡಿ. ಆರ್‌ಸಿ, ಲೈಸೆನ್ಸಿನಲ್ಲಿ ಈಗಿನ ಮೊಬೈಲ್ ನಂಬರು ಹಾಕಿಸಿ. ಊರಿನಲ್ಲಿರುವವರಿಗೆ, ಸರ್ಕಾರಿ ಕಾಗದ ಏನೇ ಬಂದರೂ ಫೋಟೋ ತೆಗೆದು ಕಳಿಸಿ ಅಂತ ಹೇಳಿಡಿ.

ಸಮನ್ಸ್ ಕೈಗೆ ಬಂತು ಅಂತಿಟ್ಟುಕೊಳ್ಳೋಣ. ಮೊದಲು ಅದು ವರ್ಚುವಲ್ ಕೋರ್ಟಿನದಾ, ಅಂದರೆ ಆನ್‌ಲೈನ್ ಕೋರ್ಟಿನದಾ ನೋಡಿ. ಮಹಾರಾಷ್ಟ್ರದಲ್ಲಿ ಟ್ರಾಫಿಕ್ ಚಲನ್‌ಗಳಿಗಾಗಿ ಇಂಥ ಕೋರ್ಟ್ 2020ರಲ್ಲಿ ನಾಗಪುರದ ಹತ್ತಿರದ ಕಾಟೋಲದಲ್ಲಿ ಶುರುವಾಯಿತು. ಕಾಟೋಲ ಅಂತ ಓದಿ ರೈಲು ಹತ್ತಲು ಹೊರಟವರೂ ಇದ್ದಾರೆ! ಹೋಗಬೇಕಾಗಿಲ್ಲ. ವೆಬ್‌ಸೈಟಿನಲ್ಲಿ ಗಾಡಿ ನಂಬರು ಅಥವಾ ಚಲನ್ ನಂಬರು ಹಾಕಿದರೆ ಎರಡು ಆಯ್ಕೆ ಬರುತ್ತವೆ: ಸೂಚಿಸಿದ ದಂಡ ಕಟ್ಟುವುದು ಅಥವಾ ಕೇಸು ನಡೆಸುವುದು. ಕಟ್ಟಿದರೆ ಅಲ್ಲಿಗೇ ಮುಗಿಯಿತು. ನಡೆಸುತ್ತೇನೆ ಅಂದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಆಮೇಲೆ ನೀವು ಅಲ್ಲಿಗೆ ಹೋಗಲೇಬೇಕು. ಕೋಪದಲ್ಲಿ ಎರಡನೆಯದನ್ನು ಒತ್ತಿ, ಆಮೇಲೆ ತಾರೀಕಿಗೆ ಹೋಗದೆ ಕೂತವರ ಕಥೆ ಎಲ್ಲಕ್ಕಿಂತ ಕೆಟ್ಟದು. ಸಾಕ್ಷಿ ಇದೆ, ತಿರುಗಾಡಲು ಪುರುಸೊತ್ತೂ ಇದೆ ಅಂದರೆ ಮಾತ್ರ ಒತ್ತಿ.

ಮಾಮೂಲಿ ಕೋರ್ಟಿನ ಸಮನ್ಸ್ ಆದರೆ, ಸಣ್ಣ ಟ್ರಾಫಿಕ್ ಕೇಸಿಗೆ ತಾವೇ ಹೋಗುವುದು ಅಗ್ಗ, ಬೇಗ. ಬೆಳಿಗ್ಗೆ ಹೋಗಿ ಬೋರ್ಡಿನಲ್ಲಿ ನಿಮ್ಮ ಹೆಸರು ಯಾವ ಕೋಣೆಗಿದೆ ನೋಡಿ, ಹೆಸರು ಕೂಗುವವರೆಗೆ ಅಲ್ಲೇ ಇರಿ. ತಪ್ಪು ಒಪ್ಪಿಕೊಂಡರೆ ಅದೇ ದಿನ ದಂಡ ಕಟ್ಟಿ ಬರಬಹುದು. ಮೋಟಾರು ವಾಹನ ಕಾಯ್ದೆಯ 208ನೇ ಕಲಮಿನಂತೆ ಕೆಲವು ಸಮನ್ಸುಗಳಲ್ಲೇ "ವಕೀಲರ ಮೂಲಕ ಬರಬಹುದು" ಅಥವಾ "ತಪ್ಪೊಪ್ಪಿಗೆ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಇಷ್ಟು ಮೊತ್ತ ಕಳಿಸಬಹುದು" ಅಂತ ಬರೆದಿರುತ್ತದೆ. ಹಾಗೆ ಬರೆದಿದ್ದರೆ ದೂರದಲ್ಲಿರುವವರಿಗೆ ಅದು ವರ. ಬರೆದಿಲ್ಲದಿದ್ದರೆ ನೀವಾಗಿಯೇ ಮನಿ ಆರ್ಡರ್ ಕಳಿಸಿ ಮುಗಿಯಿತು ಅಂದುಕೊಳ್ಳಬೇಡಿ.

ವಕೀಲರನ್ನು ಕಳಿಸುವುದು ಯಾವಾಗ ಸರಿ? ಕೇಸಿನಲ್ಲಿ ಜೈಲಿನ ಮಾತಿದ್ದಾಗ, ಲೈಸೆನ್ಸ್ ಹೋಗುವ ಭಯ ಇದ್ದಾಗ, ಅಥವಾ ಆ ದಿನ ನೀವು ಖಂಡಿತ ಬರಲಾಗದಿದ್ದಾಗ. ವಕಾಲತ್ತಿಗೆ (ನನ್ನ ಪರ ನೀವು ನಿಲ್ಲಿ ಅನ್ನುವ ಕಾಗದ) ಸಹಿ ಹಾಕಿ ಕೊಟ್ಟರೆ ಅವರು ಹಾಜರಿ ವಿನಾಯಿತಿಯ ಅರ್ಜಿ ಹಾಕುತ್ತಾರೆ. ಕಾರಣಕ್ಕೆ ಕಾಗದ ಬೇಕು: ಆಸ್ಪತ್ರೆಯ ಚೀಟಿ, ಮದುವೆ ಪತ್ರಿಕೆ, ರೈಲಿನ ಟಿಕೆಟ್. "ಸಾಹೇಬರೇ, ಊರಿನಲ್ಲಿ ಜಾತ್ರೆ" ಅನ್ನುವ ಬಾಯಿಮಾತು ಸಾಲದು. ಇನ್ನೊಂದು ವಿಷಯ. ವಿನಾಯಿತಿ ಆ ತಾರೀಕಿಗೆ ಮಾತ್ರ. ಒಂದು ಸಲ ಸಿಕ್ಕಿತು ಅಂತ ಮುಂದಿನ ಮೂರು ತಾರೀಕು ಮನೆಯಲ್ಲಿ ಕೂರುವ ಹಾಗಿಲ್ಲ.

ಕೋರ್ಟಿನ ಹೆಸರು ಎರಡು ಸಲ ಓದಿ. ಮುಂಬೈಯಲ್ಲಿ ಕುರ್ಲಾ, ಅಂಧೇರಿ, ಬೋರಿವಲಿ, ಬಾಂದ್ರಾ, ಮಜಗಾಂವ್ ಅಂತ ಕೋರ್ಟುಗಳು ಹಂಚಿಹೋಗಿವೆ. ಎಸ್ಪ್ಲನೇಡ್ ಕೋರ್ಟನ್ನೇ ಜನ ಕಿಲ್ಲಾ ಕೋರ್ಟ್ ಅನ್ನುತ್ತಾರೆ, ಅವು ಎರಡಲ್ಲ. ಗೋವಾದಲ್ಲಿ ವಾಸ್ಕೊದಲ್ಲಿ ಮನೆ ಇದ್ದವರಿಗೂ, ಗಾಡಿ ಮಾಪ್ಸಾದಲ್ಲಿ ಸಿಕ್ಕಿಬಿದ್ದಿದ್ದರೆ ಆ ಕಡೆಯ ಕೋರ್ಟೇ. ಪುಣೆಯಲ್ಲಿ ಶಿವಾಜಿನಗರ, ಪಿಂಪ್ರಿ ಎರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ. ತಪ್ಪಾದ ಕೋರ್ಟಿನಲ್ಲಿ ಇಡೀ ದಿನ ಕಾದರೂ ಸರಿಯಾದ ಕೋರ್ಟಿನ ಹಾಳೆಯಲ್ಲಿ ನೀವು ಗೈರುಹಾಜರಿಯೇ.

ತಾರೀಕು ತಪ್ಪಿಹೋಯಿತು, ಈಗೇನು?

ಗಾಬರಿಯಲ್ಲಿ ಬಂದವರಿಗೆ ನಾನು ಮೊದಲು ಕೇಳುವುದು 16 ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರು, ಅಂದರೆ ಪ್ರತಿ ಕೇಸಿಗೂ ಇರುವ ಗುರುತಿನ ನಂಬರು. ಮಹಾರಾಷ್ಟ್ರದ್ದು ಎಂಎಚ್ ಅಂತ, ಗೋವಾದ್ದು ಜಿಎ ಅಂತ ಶುರುವಾಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಕೇಸು ಎಲ್ಲಿಗೆ ಬಂದಿದೆ ಅಂತ ಬರುತ್ತದೆ. ಬರೀ ಮುಂದಿನ ತಾರೀಕು ಕೊಟ್ಟಿದ್ದಾರಾ, ಮತ್ತೊಂದು ಸಮನ್ಸ್ ಹೊರಟಿದೆಯಾ, ವಾರಂಟಾ? ಇದು ಗೊತ್ತಾಗದೆ ಯಾವ ದಾರಿಯನ್ನೂ ಆರಿಸಬೇಡಿ.

ಬರೀ ಮುಂದಿನ ತಾರೀಕು ಕೊಟ್ಟಿದ್ದರೆ ಅದೃಷ್ಟ. ಆ ದಿನ ತಪ್ಪದೆ ಹೋಗಿ, ತಪ್ಪಿದ್ದಕ್ಕೆ ಕಾರಣ ಹೇಳಿ. ತಡವಾಗಿ ನೆನಪಾದದ್ದು ಅದೇ ದಿನವಾದರೆ ಮಧ್ಯಾಹ್ನವಾದರೂ ಓಡಿ ಬನ್ನಿ. ಬೆಳಿಗ್ಗೆ ಹೇಳಿದ ವಾರಂಟನ್ನು ಸಂಜೆಯೊಳಗೆ ಬಂದು ನಿಂತವನಿಗೆ ಅದೇ ನ್ಯಾಯಾಧೀಶರು ವಾಪಸು ಪಡೆದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಜಾಮೀನು ಸಿಗುವ ವಾರಂಟ್ ಆದರೆ, ಪೊಲೀಸರು ಬಂದಾಗ ಅದರಲ್ಲಿ ಬರೆದ ಮೊತ್ತಕ್ಕೆ ಮುಚ್ಚಳಿಕೆ, ಜಾಮೀನು ಕೊಟ್ಟು, ಇಂಥ ದಿನ ಹಾಜರಾಗುತ್ತೇನೆ ಅಂತ ಬರೆದುಕೊಟ್ಟರೆ ಬಿಡುತ್ತಾರೆ. ಅವರು ಬರುವವರೆಗೆ ಕಾಯುವುದು ಒಂದು ದಾರಿ. ವಕೀಲರ ಜೊತೆ ನೀವೇ ಕೋರ್ಟಿಗೆ ಹೋಗಿ ವಾರಂಟ್ ರದ್ದಿಗೆ ಅರ್ಜಿ ಹಾಕುವುದು ಇನ್ನೊಂದು. ನನ್ನ ಮಾತು ಕೇಳುವುದಾದರೆ ಎರಡನೆಯದು. ನೀವಾಗಿ ಬಂದವರಿಗೂ ಹಿಡಿದು ತಂದವರಿಗೂ ನ್ಯಾಯಾಧೀಶರ ಕಣ್ಣಿನಲ್ಲಿ ವ್ಯತ್ಯಾಸ ಇದ್ದೇ ಇದೆ. ಖರ್ಚು ಅಂತ ಸ್ವಲ್ಪ ದಂಡ ಹಾಕಿ ರದ್ದು ಮಾಡುವುದು ಸಾಮಾನ್ಯ.

ಜಾಮೀನು ರಹಿತ ವಾರಂಟ್ ಆದರೆ ಆಯ್ಕೆ ಒಂದೇ, ವಕೀಲರು. ಅದೂ ಇವತ್ತೇ. ಪೊಲೀಸರು ಮೊದಲು ಬಂದರೆ ಹಿಡಿದುಕೊಂಡು ಹೋಗಿ 24 ಗಂಟೆಯೊಳಗೆ, ದಾರಿಯ ಸಮಯ ಬಿಟ್ಟು, ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಶನಿವಾರ ಸಂಜೆ ಹಿಡಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಒಂದು ಸಮಾಧಾನ ಇದೆ. ಮೊದಲ ಗೈರುಹಾಜರಿಗೇ ಜಾಮೀನು ರಹಿತ ವಾರಂಟ್ ಹೊರಡಿಸಬಾರದು, ಮೊದಲು ಸಮನ್ಸ್, ಆಮೇಲೆ ಜಾಮೀನು ಸಿಗುವ ವಾರಂಟ್, ಅದಕ್ಕೂ ಬಾರದಿದ್ದರೆ ಕೊನೆಗೆ ಅದು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಿಮಗೆ ಇಳಿದುಬರಲು ಪ್ರತಿ ಮೆಟ್ಟಿಲಲ್ಲೂ ಅವಕಾಶ ಇರುತ್ತದೆ.

ಇದರ ಮೇಲಿನ ಮೆಟ್ಟಿಲೂ ಇದೆ. ವಾರಂಟಿಗೂ ಸಿಗದೆ ತಲೆಮರೆಸಿಕೊಂಡರೆ ಕೋರ್ಟ್ ಘೋಷಣೆ ಹೊರಡಿಸಬಹುದು. ಹಾಜರಾಗಲು ಕನಿಷ್ಠ 30 ದಿನ ಕೊಟ್ಟು, ನೀವಿರುವ ಊರಿನಲ್ಲಿ ಎಲ್ಲರೆದುರು ಓದಿ, ಮನೆಗೆ ಅಂಟಿಸುತ್ತಾರೆ. ಆಸ್ತಿ ಜಪ್ತಿಗೂ ಆದೇಶ ಆಗಬಹುದು. ಹೆಲ್ಮೆಟ್ ಕೇಸಿನಲ್ಲಿ ಇಷ್ಟು ದೂರ ಹೋದದ್ದನ್ನು ನಾನು ಕಂಡಿಲ್ಲ. ಅಪಘಾತದ ಕೇಸು, ಚೆಕ್ ಬೌನ್ಸ್ ಕೇಸುಗಳಲ್ಲಿ ಬಾರದೆ ಕೂತವರ ಕಥೆ ಅಲ್ಲಿಗೆ ಮುಟ್ಟಿದ್ದನ್ನು ಕಂಡಿದ್ದೇನೆ.

ಬಾರದೆ ಇರುವುದೇ ಬೇರೆ ಅಪರಾಧವೂ ಹೌದು. ಹಳೇ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 208ನೇ ಕಲಮಿನಂತೆ ಬೇಕೆಂದೇ ಕೋರ್ಟಿಗೆ ಹಾಜರಾಗದಿದ್ದರೆ 6 ತಿಂಗಳವರೆಗೆ ಸಾದಾ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಮೀನಿನ ಮೇಲೆ ಬಿಡುಗಡೆಯಾಗಿ ಬರುತ್ತೇನೆ ಅಂತ ಬರೆದುಕೊಟ್ಟು ಬಾರದಿದ್ದರೆ 1 ವರ್ಷದವರೆಗೆ. ಘೋಷಣೆಗೂ ಬಾರದಿದ್ದರೆ 3 ವರ್ಷದವರೆಗೆ. ಸಣ್ಣ ಕೇಸುಗಳಲ್ಲಿ ಇದಕ್ಕಾಗಿ ಬೇರೆ ಕೇಸು ಹಾಕುವುದು ಅಪರೂಪ, ವಾರಂಟಿನಲ್ಲೇ ಕೆಲಸ ಆಗುತ್ತದೆ. ಆದರೆ ತೂಕ ನೋಡಿ. 500 ರೂಪಾಯಿಯ ತಪ್ಪಿಗಿಂತ ಬಾರದ ತಪ್ಪು ಎಷ್ಟು ದೊಡ್ಡದು!

ಸುಮ್ನೆ ಬಿಟ್ಟರೆ?

"ಆರು ತಿಂಗಳಾದ ಮೇಲೆ ಕೇಸು ತಾನಾಗೇ ಬಿದ್ದುಹೋಗುತ್ತದೆ" ಅಂತ ಪಾನ್ ಅಂಗಡಿಯಲ್ಲಿ ಹೇಳುವವರಿದ್ದಾರೆ. ಅರ್ಧ ಸತ್ಯ. ಬರೀ ದಂಡದ ಶಿಕ್ಷೆ ಇರುವ ತಪ್ಪನ್ನು ಕೋರ್ಟ್ 6 ತಿಂಗಳೊಳಗೆ ವಿಚಾರಣೆಗೆ ತೆಗೆದುಕೊಳ್ಳಬೇಕು ಅನ್ನುವ ನಿಯಮ ಇದೆ. ತಕ್ಕ ಕಾರಣ ಇದ್ದರೆ ಆ ತಡವನ್ನೂ ಕೋರ್ಟ್ ಮನ್ನಿಸಬಹುದು. ಒಮ್ಮೆ ಕೋರ್ಟ್ ಕೇಸು ತೆಗೆದುಕೊಂಡ ಮೇಲೆ ನೀವು ಎಷ್ಟು ವರ್ಷ ಅಡಗಿ ಕೂತರೂ ಆ ಲೆಕ್ಕ ನಿಮ್ಮ ಪರವಾಗಿ ಓಡುವುದಿಲ್ಲ. ವಾರಂಟಿಗಂತೂ ಅವಧಿಯೇ ಇಲ್ಲ. ಜಾರಿಯಾಗುವವರೆಗೆ ಅಥವಾ ಹೊರಡಿಸಿದ ಕೋರ್ಟೇ ರದ್ದು ಮಾಡುವವರೆಗೆ ಅದು ಜೀವಂತ. ನೀವಿಲ್ಲದೆ ವಿಚಾರಣೆ ಮಾಡಿ ಮುಗಿಸುವ ಹೊಸ ಅವಕಾಶ ಬಂದಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಘೋಷಿತ ಅಪರಾಧಿಗಳ ದೊಡ್ಡ ಕೇಸುಗಳಿಗೆ. ಸಣ್ಣ ಕೇಸು ಮುಗಿಯುವುದೂ ಇಲ್ಲ, ಸಾಯುವುದೂ ಇಲ್ಲ. ಮಲಗಿರುತ್ತದೆ.

ಏಳುವುದು ಯಾವಾಗ? ಗಾಡಿ ಮಾರುವಾಗ, ಆರ್‌ಟಿಒದಲ್ಲಿ ಹೆಸರು ಬದಲಾಯಿಸುವಾಗ, ಎನ್‌ಒಸಿ ತೆಗೆಯುವಾಗ ಬಾಕಿ ಚಲನ್ ಎದುರು ಬಂದು ನಿಲ್ಲುತ್ತದೆ. ಇದಕ್ಕಿಂತ ಗಟ್ಟಿ ಪೆಟ್ಟು ಪಾಸ್‌ಪೋರ್ಟಿನದು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸು ಬಾಕಿ ಇದ್ದರೆ, ಅಥವಾ ಹಾಜರಾಗಲು ಸಮನ್ಸ್ ಇಲ್ಲವೇ ವಾರಂಟ್ ಹೊರಟಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಮಾಟುಂಗಾದ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿದ್ದ ಉಡುಪಿ ಕಡೆಯ ಹುಡುಗನಿಗೆ ದುಬೈಯಲ್ಲಿ ಕೆಲಸ ಗೊತ್ತಾಗಿತ್ತು. ಯಾವತ್ತೋ ಒಂದು ಹುಟ್ಟುಹಬ್ಬದ ರಾತ್ರಿ ಆದ ಕುಡಿದು ಓಡಿಸಿದ ಕೇಸು, ಎರಡು ತಾರೀಕಿಗೆ ಹೋಗಿರಲಿಲ್ಲ. ಪೊಲೀಸ್ ಪರಿಶೀಲನೆಯಲ್ಲಿ ಅದು ಎದ್ದು ಬಂತು. ಕೋರ್ಟಿನಿಂದ ಅನುಮತಿ ತಂದರೆ ಪಾಸ್‌ಪೋರ್ಟ್ ಸಿಗುವ ವ್ಯವಸ್ಥೆ 1993ರಿಂದಲೂ ಇದೆ. ಅವನಿಗೂ ಸಿಕ್ಕಿತು. ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿತ್ತು.

ಇನ್ನು ಊರಿನಲ್ಲಿ ಸಿಕ್ಕಿಬಿದ್ದರೆ? ಪುಣೆಯ ವಾರಂಟ್ ಮೇಲೆ ಇಂಡಿಯಲ್ಲೋ ಉಡುಪಿಯಲ್ಲೋ ಹಿಡಿದರೆ ನೇರ ಪುಣೆಗೆ ಎಳೆದು ತರುವುದಿಲ್ಲ. ವಾರಂಟ್ ಹೊರಡಿಸಿದ ಕೋರ್ಟ್ 30 ಕಿಲೋಮೀಟರಿಗಿಂತ ದೂರ ಇದ್ದರೆ ಮೊದಲು ಅಲ್ಲಿಯ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಜಾಮೀನು ಸಿಗುವಂಥದ್ದಾದರೆ ಅಲ್ಲೇ ಜಾಮೀನು ಆಗುತ್ತದೆ. ಜಾತ್ರೆಯ ದಿನ ಬೀದಿಯವರೆದುರು ಠಾಣೆಯ ಜೀಪು ಹತ್ತುವ ಮರ್ಯಾದೆಗೆ ಮಾತ್ರ ಯಾವ ಜಾಮೀನೂ ಇಲ್ಲ.

ದುಡ್ಡಿನ ಮಾತು, ಜಾಮೀನಿನ ಮಾತು

ವಕೀಲರ ಫೀಸಿಗೆ ಹೆದರಿ ಬಾರದವರೂ ಇದ್ದಾರೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ಜಿಲ್ಲಾ ಕೋರ್ಟಿನಲ್ಲೂ ಕಾನೂನು ಸೇವಾ ಪ್ರಾಧಿಕಾರದ ಆಫೀಸಿದೆ, ಫೋನ್ 15100. ಗೇಟಿನ ಹೊರಗೆ "ಅರ್ಧ ಗಂಟೆಯಲ್ಲಿ ವಾರಂಟ್ ಕ್ಯಾನ್ಸಲ್ ಮಾಡಿಸಿಕೊಡ್ತೀನಿ" ಅನ್ನುವ ದಲ್ಲಾಳಿಗಿಂತ ಅದು ಎಷ್ಟೋ ಮೇಲು.

ಜಾಮೀನುದಾರರದ್ದು ನಮ್ಮವರಿಗೆ ದೊಡ್ಡ ತಲೆನೋವು. ಸ್ಥಳೀಯರೇ ಆಗಬೇಕು, ರೇಷನ್ ಕಾರ್ಡ್, ಮನೆ ತೆರಿಗೆ ರಸೀದಿ, ಸಂಬಳದ ಚೀಟಿ ಬೇಕು ಅನ್ನುತ್ತಾರೆ. ಬಾಡಿಗೆ ಖೋಲಿಯಲ್ಲಿ ನಾಲ್ವರ ಜೊತೆ ಇರುವವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ನಗದು ಠೇವಣಿಯ ಮೇಲೆ ಬಿಡಿ ಅಂತ ಕೇಳಬಹುದು, ಕೋರ್ಟ್ ಒಪ್ಪಿದರೆ ಆಗುತ್ತದೆ. ಕೇಸು ಮುಗಿದ ಮೇಲೆ ಆ ದುಡ್ಡು ವಾಪಸು ಬರುತ್ತದೆ. ರಸೀದಿ, ಅದೇ ಇಲ್ಲಿಯವರ 'ಪಾವತಿ', ಜೋಪಾನವಾಗಿಡಿ.

ಇಂಡಿಯ ಹುಡುಗನ ಕಥೆ ಅರ್ಧಕ್ಕೆ ನಿಂತಿತ್ತು. ಸಮನ್ಸ್ ದೇವರ ಫೋಟೋದ ಹಿಂದೆಯೇ ಉಳಿಯಿತು. ಆಮೇಲೆ ಜಾಮೀನು ಸಿಗುವ ವಾರಂಟ್ ಊರಿನ ಠಾಣೆಗೆ ಹೋಯಿತು. ಹಬ್ಬಕ್ಕೆ ಬಂದಿದ್ದವನನ್ನು ಪೊಲೀಸರು ಮನೆಯಲ್ಲೇ ಕಂಡು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಹೇಳಿದ ದಿನ ಪುಣೆಗೆ ಬಂದ. ವಕೀಲರು ಅರ್ಜಿ ಕೊಟ್ಟರು, ವಾರಂಟ್ ರದ್ದಾಯಿತು, ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಮಧ್ಯಾಹ್ನದೊಳಗೆ ಎಲ್ಲ ಮುಗಿದು ಅವನು ಹೊರಡಲು ಎದ್ದ. ನಾನು ಕೂರಿಸಿದೆ.

ಕೋರ್ಟಿನಲ್ಲಿ ರದ್ದಾದ ಮಾತ್ರಕ್ಕೆ ಠಾಣೆಯ ಕಡತದಿಂದ ವಾರಂಟ್ ತಾನಾಗಿ ಹೋಗುವುದಿಲ್ಲ. ಆ ಸುದ್ದಿ ಅಲ್ಲಿಗೆ ತಲುಪಲು ದಿನಗಳು ಹಿಡಿಯುತ್ತವೆ, ಕೆಲವು ಸಲ ತಲುಪುವುದೇ ಇಲ್ಲ. ಅದಕ್ಕೇ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿದೆ. ಎರಡು ಪ್ರತಿ. ಒಂದನ್ನು ಊರಿನ ಠಾಣೆಯಲ್ಲಿ ಕೊಟ್ಟು, ತಲುಪಿದ್ದಕ್ಕೆ ಇನ್ನೊಂದರ ಮೇಲೆ ಸಹಿ, ಸೀಲು ಹಾಕಿಸಿಕೊಂಡು ಬಾ ಅಂದೆ. ಹಾಗೇ ಮಾಡಿದ್ದಾನೆ. ಆ ಪ್ರತಿಯನ್ನು ಪ್ಲಾಸ್ಟಿಕ್ ಹಾಕಿಸಿ ಈಗ ಬೈಕಿನ ಕಾಗದಗಳ ಜೊತೆಗೇ ಇಟ್ಟುಕೊಂಡಿದ್ದಾನೆ.